ಮೇಲಧಿಕಾರಿಯ ಕಾಳಜಿ: ಅಳತೆಗೆ ಸಿಕ್ಕಿದ ಒಂದು ಸದ್ಗುಣ

ಕೈಕೆಳಗಿನವರನ್ನು ವಿಶ್ವಾಸದಿಂದ ನಡೆಸಿಕೊಳ್ಳುವ ಅಧಿಕಾರಿಯನ್ನು ದೊಡ್ಡ ಮನುಷ್ಯನೆಂದು ಕೊಂಡಾಡುವುದು ಲೋಕರೂಢಿ. ಆದರೆ ಹಾಗೆ ಕೊಂಡಾಡುವ ಬಾಯಿಯೇ, ಕೆಲಸ ತೆಗೆಯುವ ಮಾತು ಬಂದಾಗ, ಗದರಿಸಿ ಹದ್ದಿನಲ್ಲಿಡುವವನೇ ಮೇಲೆಂದು ಸಲಹೆ ಕೊಡುವುದೂ ಅಷ್ಟೇ ರೂಢಿ. ದಯೆಯು ವ್ಯಕ್ತಿಯ ಸ್ವಭಾವಕ್ಕೆ ಸೇರಿದ ಭೂಷಣ, ದಕ್ಷತೆಯು ಅಧಿಕಾರಕ್ಕೆ ಸೇರಿದ ಲಕ್ಷಣ, ಇವೆರಡೂ ಒಂದೇ ಕುರ್ಚಿಯಲ್ಲಿ ಕೂರುವುದು ದುರ್ಲಭ ಎಂಬ ಈ ಎಣಿಕೆಯನ್ನು ಕಳೆದ ಎಪ್ಪತ್ತೆಂಬತ್ತು ವರ್ಷಗಳಲ್ಲಿ ಮನೋವಿಜ್ಞಾನಿಗಳೂ ವೈದ್ಯವಿಜ್ಞಾನಿಗಳೂ ಕಾರ್ಖಾನೆ, ಕಚೇರಿ, ಆಸ್ಪತ್ರೆಗಳಲ್ಲಿ ಪರೀಕ್ಷೆಗೆ ಒಡ್ಡಿ ನೋಡಿದ್ದಾರೆ. ಅವರಿಗೆ ದೊರೆತ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿದರೆ, ಕಾಳಜಿಯು ಕೆಲಸಕ್ಕೆ ಅಡ್ಡ ಬರುವ ಮೃದುತ್ವವಲ್ಲ, ಕೆಲಸ ಸರಿಯಾಗಿ ನಡೆಯುವುದಕ್ಕೆ ಬೇಕಾದ ಸಾಧನಗಳಲ್ಲಿ ಅದೂ ಒಂದು ಎಂದು ಒಪ್ಪಬೇಕಾಗುತ್ತದೆ.

ಯಾವ ಗುಣವನ್ನೇ ಆಗಲಿ ಶಾಸ್ತ್ರೀಯವಾಗಿ ವಿಚಾರಿಸಬೇಕಾದರೆ ಮೊದಲು ಅದನ್ನು ಅಳೆಯುವ ಕೋಲು ಬೇಕು. ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು, ನಾಯಕನ ಗುಣಾವಗುಣಗಳನ್ನು ಅವನ ಬಾಯಿಂದಲೇ ಕೇಳಿ ತಿಳಿಯುವ ಹಳೆಯ ಪದ್ಧತಿಯನ್ನು ಬಿಟ್ಟು, ಅವನ ಕೈಕೆಳಗೆ ದುಡಿಯುವವರನ್ನು ಕೇಳತೊಡಗಿದರು. ನಾಯಕರಾದವರು ದಿನನಿತ್ಯ ಮಾಡುವ ಕಾರ್ಯಗಳ ಸುಮಾರು 1,800 ವರ್ಣನೆಗಳನ್ನು ಕಲೆಹಾಕಿ, ಅವನ್ನು ಸೋಸಿ 150ಕ್ಕೆ ಇಳಿಸಿ, ಬಂದ ಉತ್ತರಗಳನ್ನು ಗಣಿತದ ರೀತಿಯಲ್ಲಿ ವಿಶ್ಲೇಷಿಸಿದಾಗ, ಅಷ್ಟೆಲ್ಲ ವೈವಿಧ್ಯವೂ ಬಹುಮಟ್ಟಿಗೆ ಎರಡು ಗುಣಗಳಿಗೆ ಬಂದು ನಿಂತಿತು. ಒಂದು, ಕೈಕೆಳಗಿನವನ ಮಾತನ್ನು ಕೇಳುವುದು, ಅವನ ಸುಖದುಃಖವನ್ನು ವಿಚಾರಿಸುವುದು, ಅವನನ್ನು ಗೌರವದಿಂದ ಕಾಣುವುದು. ಇದನ್ನು ಕಾಳಜಿ ಎನ್ನೋಣ. ಇನ್ನೊಂದು, ಯಾರು ಏನನ್ನು ಯಾವಾಗ ಹೇಗೆ ಮಾಡಬೇಕೆಂಬುದನ್ನು ಸ್ಪಷ್ಟವಾಗಿ ಗೊತ್ತುಪಡಿಸುವುದು; ಇದನ್ನು ಕಟ್ಟುಪಾಡು ಎನ್ನೋಣ. ಇವೆರಡೂ ಒಂದರ ಎದುರಿಗೆ ಒಂದು ನಿಂತ ಗುಣಗಳಲ್ಲವೆಂಬುದೇ ಈ ಶೋಧನೆಯ ಮುಖ್ಯ ಫಲ: ಒಬ್ಬನಲ್ಲಿ ಎರಡೂ ಹೆಚ್ಚಾಗಿರಬಹುದು, ಎರಡೂ ಇಲ್ಲದಿರಲೂಬಹುದು.

ಇನ್ನು ಈ ಕಾಳಜಿಯ ಇರವು ಅಥವಾ ಅಭಾವವು ದುಡಿಯುವವನ ದೇಹದ ಮೇಲೆ ಏನು ಮಾಡುತ್ತದೆಂಬುದನ್ನು ನೋಡೋಣ. 2003ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಒಂದು ಪುಟ್ಟ ಅಧ್ಯಯನವು ಗಾತ್ರದಲ್ಲಿ ಅಲ್ಪವಾದರೂ ರಚನೆಯ ಜಾಣ್ಮೆಯಿಂದ ಗಮನಾರ್ಹವಾಗಿದೆ. ರೋಗಿಗಳ ಶುಶ್ರೂಷೆಗೆ ನೆರವಾಗುವ ಸಹಾಯಕಿಯರಲ್ಲಿ ಕೆಲವರು ಬೇರೆ ಬೇರೆ ದಿನಗಳಲ್ಲಿ ಬೇರೆ ಬೇರೆ ಇಬ್ಬರು ಮೇಲ್ವಿಚಾರಕರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಆ ಇಬ್ಬರಲ್ಲಿ ಒಬ್ಬರನ್ನು ನ್ಯಾಯವಂತರೆಂದೂ ಇನ್ನೊಬ್ಬರನ್ನು ಅನ್ಯಾಯವಾಗಿ ನಡೆಸಿಕೊಳ್ಳುವವರೆಂದೂ ಅವರೇ ಬಗೆದಿದ್ದರು. ತೋಳಿಗೆ ಕಟ್ಟಿದ ಯಂತ್ರವು ಕೆಲಸದ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ತಾನಾಗಿಯೇ ರಕ್ತದೊತ್ತಡವನ್ನು ಅಳೆಯುತ್ತಿತ್ತು. ದುಡಿಯುವ ಹೆಂಗಸು ಅವಳೇ, ಅವಳ ವಯಸ್ಸೂ ಮನೆಯ ಚಿಂತೆಗಳೂ ಅವೇ, ಕೆಲಸದ ಬಗೆಯೂ ಅದೇ. ಆದರೂ ಒಲ್ಲದ ಮೇಲ್ವಿಚಾರಕರ ಕೈಕೆಳಗಿನ ದಿನ ರಕ್ತದೊತ್ತಡದ ಮೇಲಿನ ಅಂಕೆ ಸರಾಸರಿ 15 ಮಿಲಿಮೀಟರಿನಷ್ಟೂ ಕೆಳಗಿನ ಅಂಕೆ 7 ಮಿಲಿಮೀಟರಿನಷ್ಟೂ ಹೆಚ್ಚಾಗಿದ್ದುವು. ಇಷ್ಟು ಏರಿಕೆ ವರ್ಷಗಟ್ಟಲೆ ನಿಂತರೆ ಹೃದ್ರೋಗಕ್ಕೂ ಪಾರ್ಶ್ವವಾಯುವಿಗೂ ದಾರಿಯಾಗುವುದೆಂಬುದು ವೈದ್ಯರಿಗೆ ತಿಳಿದ ವಿಷಯ.

ಹೀಗಾಗುವುದಕ್ಕೆ ಕಾರಣವು ನಮ್ಮ ಶರೀರದ ಪುರಾತನ ರಕ್ಷಣಾವ್ಯವಸ್ಥೆಯಲ್ಲಿದೆ. ಅಪಾಯ ಸನ್ನಿಹಿತವೆಂದು ಮಿದುಳು ಬಗೆದಾಗ, ನರಗಳ ಮೂಲಕ ಹೋದ ಆಜ್ಞೆಯಿಂದ ಹೃದಯದ ಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ರಸವನ್ನು ಸ್ರವಿಸಿ ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸುತ್ತವೆ. ಕಾಡುಮೃಗ ಎದುರಾದಾಗ ಓಡುವುದಕ್ಕೋ ಕಾದುವುದಕ್ಕೋ ಒದಗುವ ಈ ಸಿದ್ಧತೆ ಕ್ಷಣಕಾಲಕ್ಕೆ ಪ್ರಾಣರಕ್ಷಕವೇ ಹೌದು; ಆದರೆ ಓಡುವಂತೆಯೂ ಇಲ್ಲ, ಕಾದುವಂತೆಯೂ ಇಲ್ಲ ಎಂಬ ಸ್ಥಿತಿಯಲ್ಲಿ ಕೆಲಸದ ಮೇಜಿನ ಮುಂದೆ ಕುಳಿತವನಲ್ಲಿ ಅದೇ ಸಿದ್ಧತೆ ದಿನವೂ ಏಳುತ್ತಿದ್ದರೆ, ರಕ್ಷಿಸಬೇಕಾದುದೇ ಸವೆಯಿಸತೊಡಗುತ್ತದೆ.

ಈ ಸವೆತವನ್ನು ದೀರ್ಘಕಾಲ ಹಿಂಬಾಲಿಸಿ ನೋಡಿದ್ದು ಲಂಡನ್ನಿನ ಸರ್ಕಾರಿ ನೌಕರರ ಅಧ್ಯಯನ. ವೈಟ್‌ಹಾಲ್ ಎಂಬ ಸರ್ಕಾರಿ ಕಚೇರಿಗಳ ಬೀದಿಯ ಹೆಸರನ್ನೇ ಹೊತ್ತ ಈ ಅಧ್ಯಯನಮಾಲೆಯ ಎರಡನೆಯ ಘಟ್ಟವು, ಮೈಕೇಲ್ ಮಾರ್ಮಟ್ ಅವರ ನೇತೃತ್ವದಲ್ಲಿ, 35ರಿಂದ 55 ವಯಸ್ಸಿನ 10,308 ನೌಕರರನ್ನು ಸೇರಿಸಿಕೊಂಡು 1985ರಲ್ಲಿ ಆರಂಭವಾಯಿತು. ಮೇಲಧಿಕಾರಿ ನಿಮ್ಮ ತೊಂದರೆಗಳಿಗೆ ಕಿವಿಗೊಡುತ್ತಾರೆಯೇ, ನಿಮ್ಮನ್ನು ವಿನಾಕಾರಣ ಆಕ್ಷೇಪಿಸುವುದುಂಟೇ, ಕೆಲಸ ಚೆನ್ನಾದಾಗ ಮೆಚ್ಚುಗೆ ಸಿಗುವುದೇ ಎಂಬಂತಹ ಪ್ರಶ್ನೆಗಳಿಗೆ ಬಂದ ಉತ್ತರಗಳನ್ನು, ಮುಂದಿನ ವರ್ಷಗಳಲ್ಲಿ ಅವರಲ್ಲಿ ಯಾರಿಗೆ ಹೃದ್ರೋಗ ಬಂದಿತೆಂಬ ಲೆಕ್ಕದೊಡನೆ ಮಿಕಾ ಕಿವಿಮಾಕಿ ಮತ್ತು ಅವರ ಸಹೋದ್ಯೋಗಿಗಳು ಹೋಲಿಸಿ 2005ರಲ್ಲಿ ಪ್ರಕಟಿಸಿದರು. ಆರು ಸಾವಿರಕ್ಕೂ ಹೆಚ್ಚು ಪುರುಷ ನೌಕರರಲ್ಲಿ, ಹೆಚ್ಚು ನ್ಯಾಯವನ್ನು ಅನುಭವಿಸಿದವರಿಗೆ ಇತರರಿಗಿಂತ ಹೃದ್ರೋಗದ ಸಂಭವ ಶೇಕಡ 35ರಷ್ಟು ಕಡಮೆಯಾಗಿತ್ತು. ವಯಸ್ಸು ಮತ್ತು ಹುದ್ದೆಯ ದರ್ಜೆಗಳಿಂದ ಆಗುವ ವ್ಯತ್ಯಾಸವನ್ನು ಕಳೆದ ಮೇಲೆ ಉಳಿದ ಅಂತರವಿದು. ಇಂತಹ ಹೋಲಿಕೆಯಿಂದ ಕಾರ್ಯಕಾರಣಸಂಬಂಧ ಸಂಪೂರ್ಣವಾಗಿ ಸಿದ್ಧವಾಗದು ನಿಜ, ಏಕೆಂದರೆ ಸ್ವಭಾವತಃ ಖಿನ್ನನಾದವನಿಗೆ ಮೇಲಧಿಕಾರಿಯೂ ಕೆಟ್ಟವನಾಗಿಯೇ ಕಾಣಬಹುದು. ಆದರೆ ಒಬ್ಬಳೇ ಹೆಂಗಸಿನ ರಕ್ತದೊತ್ತಡ ಮೇಲ್ವಿಚಾರಕರು ಬದಲಾದೊಡನೆ ಬದಲಾದುದನ್ನು ಇದರ ಪಕ್ಕದಲ್ಲಿಟ್ಟಾಗ ಆ ಆಕ್ಷೇಪದ ಬಲ ಬಹುವಾಗಿ ಕುಗ್ಗುತ್ತದೆ.

ಆರೋಗ್ಯದ ಮಾತು ಹಾಗಿರಲಿ, ಕೆಲಸದ ಮಾತೇನು? ಇಲ್ಲಿ ನಾವು ಎದುರಿಸಬೇಕಾದ ಸಂಗತಿ ಮೊದಲ ನೋಟಕ್ಕೆ ವಿಪರೀತವಾಗಿ ತೋರುತ್ತದೆ. 1990ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ಏಮಿ ಎಡ್ಮಂಡ್‌ಸನ್ ಅವರು, ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ರೋಗಿಗಳಿಗೆ ಔಷಧ ಕೊಡುವಾಗ ಆಗುವ ತಪ್ಪುಗಳನ್ನು, ಎಂದರೆ ಪ್ರಮಾಣ ಹೆಚ್ಚುಕಡಮೆಯಾಗುವುದು, ಒಬ್ಬರ ಔಷಧ ಇನ್ನೊಬ್ಬರಿಗೆ ಹೋಗುವುದು ಇತ್ಯಾದಿಗಳನ್ನು, ಅಲ್ಲಲ್ಲಿನ ಮುಖ್ಯ ದಾದಿಯ ನಾಯಕತ್ವದೊಡನೆ ತೂಗಿನೋಡಿದರು. ಒಳ್ಳೆಯ ನಾಯಕತ್ವವಿದ್ದಲ್ಲಿ ತಪ್ಪು ಕಡಮೆಯಿರಬೇಕೆಂಬುದು ಅವರ ನಿರೀಕ್ಷೆ. ದೊರೆತುದಾದರೋ ಅದಕ್ಕೆ ತದ್ವಿರುದ್ಧ: ಮುಖ್ಯ ದಾದಿಯನ್ನು ಎಲ್ಲರೂ ಮೆಚ್ಚಿಕೊಂಡು, ಪರಸ್ಪರ ಸೌಹಾರ್ದದಿಂದ ದುಡಿಯುತ್ತಿದ್ದ ವಾರ್ಡುಗಳಲ್ಲಿಯೇ ದಾಖಲಾದ ತಪ್ಪುಗಳ ಪ್ರಮಾಣ ಹೆಚ್ಚಾಗಿತ್ತು.

ಹಾಗಾದರೆ ಕಾಳಜಿಯಿಂದ ಅಜಾಗರೂಕತೆ ಬೆಳೆಯುವುದೆಂದು ತೀರ್ಮಾನಿಸಬೇಕೆ? ಎಡ್ಮಂಡ್‌ಸನ್ ಅವರು ಅವಸರಪಡಲಿಲ್ಲ. ಎಣಿಕೆಗೆ ಸಿಕ್ಕಿದ್ದು ನಡೆದ ತಪ್ಪುಗಳೋ, ಹೊರಗೆ ಬಂದ ತಪ್ಪುಗಳೋ ಎಂದು ಅವರು ಪ್ರಶ್ನಿಸಿಕೊಂಡರು. ಫಲಿತಾಂಶವೂ ಊಹೆಯೂ ಎರಡೂ ತಿಳಿಯದ ಸಹಾಯಕನೊಬ್ಬನನ್ನು ವಾರ್ಡುಗಳಿಗೆ ಕಳುಹಿಸಿ, ಅಲ್ಲಿನ ಮಾತುಕತೆಯ ಬಗೆಯನ್ನು ನೋಡಿ ಬರೆದುಕೊಳ್ಳುವಂತೆ ಮಾಡಿದಾಗ ಗುಟ್ಟು ಹೊರಬಿದ್ದಿತು. ಒಂದು ವಾರ್ಡಿನಲ್ಲಿ ಮುಖ್ಯ ದಾದಿಯು ಇತರ ದಾದಿಯರಂತೆಯೇ ಕೆಲಸದ ಉಡುಪಿನಲ್ಲಿ ಓಡಾಡುತ್ತ, ಇಷ್ಟೊಂದು ಔಷಧಗಳ ನಡುವೆ ತಪ್ಪಾಗುವುದು ಸಹಜ, ಆದುದನ್ನು ಹೇಳಿದರೆ ಮುಂದಿನದನ್ನು ತಡೆಯಬಹುದು ಎಂಬ ಭಾವವನ್ನು ಬೆಳೆಸಿದ್ದಳು. ಇನ್ನೊಂದರಲ್ಲಿ ತಪ್ಪು ಮಾಡಿದವಳು ವಿಚಾರಣೆಗೆ ನಿಂತ ಅಪರಾಧಿಯಂತೆ ತಲೆತಗ್ಗಿಸಬೇಕಾಗಿತ್ತು. ಆದುದರಿಂದ ಅಲ್ಲಿ ತಪ್ಪುಗಳು ಆಗುತ್ತಿರಲಿಲ್ಲವೆಂದಲ್ಲ, ಆದ ತಪ್ಪುಗಳು ಬಾಯಿಗೆ ಬರುತ್ತಿರಲಿಲ್ಲ. ಮೇಲಧಿಕಾರಿಯ ಕೋಪದಿಂದ ಮೊದಲು ಕಡಮೆಯಾಗುವುದು ತಪ್ಪಲ್ಲ, ತಪ್ಪಿನ ವರದಿ. 1996ರಲ್ಲಿ ಪ್ರಕಟವಾದ ಈ ಅಧ್ಯಯನದಿಂದ ಮುಂದೆ ಬೆಳೆದ ವಿಚಾರವೇ ಇಂದು ಮನೋಭದ್ರತೆ ಎಂದು ಕರೆಯಬಹುದಾದ ತತ್ತ್ವ: ಸಂಶಯವನ್ನು ಕೇಳುವುದರಿಂದಲೂ, ತಪ್ಪನ್ನು ಒಪ್ಪುವುದರಿಂದಲೂ, ಹಿರಿಯರ ಮಾತಿಗೆ ಇದಿರಾಡುವುದರಿಂದಲೂ ತನಗೆ ಅವಮಾನವಾಗದೆಂಬ ನಂಬಿಕೆ ಇದ್ದ ಕಡೆಯಲ್ಲಿ ಮಾತ್ರ ಗುಂಪೊಂದು ಕಲಿಯಬಲ್ಲುದು.

ಹಾಗೆಂದು ಕೇವಲ ಸಿಹಿಮಾತೇ ಸಾಕೆಂದು ಯಾರೂ ಭ್ರಮಿಸಬೇಕಾಗಿಲ್ಲ. ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2004ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ನೌಕರರ ತೃಪ್ತಿಯೊಡನೆ ಕಾಳಜಿಗೂ, ಕೆಲಸದ ಸಾಧನೆಯೊಡನೆ ಕಟ್ಟುಪಾಡಿಗೂ ತುಸು ಹೆಚ್ಚಿನ ನಂಟು ಕಂಡುಬಂದಿತು. ಎರಡೂ ಬೇಕೆಂಬುದೇ ಇದರ ತಾತ್ಪರ್ಯ. ಆದರೆ ಎರಡರಲ್ಲಿ ಯಾವುದು ಯಾವುದಕ್ಕೆ ಆಧಾರವೆಂಬುದನ್ನು 1962ರಲ್ಲಿ ಫ್ಲೈಶ್‌ಮನ್ ಮತ್ತು ಹ್ಯಾರಿಸ್ ಎಂಬ ಸಂಶೋಧಕರು ಲಾರಿ ತಯಾರಿಸುವ ಕಾರ್ಖಾನೆಯೊಂದರ 57 ಮೇಸ್ತ್ರಿಗಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ತೋರಿಸಿಕೊಟ್ಟರು. ಕಾಳಜಿಯಿಲ್ಲದ ಮೇಸ್ತ್ರಿಯ ಗುಂಪಿನಲ್ಲಿ, ಅವನು ಕಟ್ಟುಪಾಡನ್ನು ಸಡಿಲಿಸಿದರೂ, ದೂರುಗಳು ಹೆಚ್ಚಾಗಿಯೇ ಇದ್ದುವು. ಕಾಳಜಿಯುಳ್ಳ ಮೇಸ್ತ್ರಿಯಾದರೋ ಕಟ್ಟುಪಾಡನ್ನು ಬಿಗಿಮಾಡಿದರೂ ದೂರುಗಳು ಅಷ್ಟಾಗಿ ಏರಲಿಲ್ಲ. ತನ್ನ ಹಿತವನ್ನು ಬಯಸುವವನೆಂದು ನಂಬಿದವನಿಂದ ಬಂದ ಕಟ್ಟಪ್ಪಣೆಯನ್ನು ಮನುಷ್ಯನು ಸಹಿಸುತ್ತಾನೆ. ನಂಬದವನ ಸಡಿಲವೂ ಅವನಿಗೆ ಉಪೇಕ್ಷೆಯಾಗಿಯೇ ತೋರುತ್ತದೆ. ಹೀಗಾಗಿ ಕೆಲಸವನ್ನು ಬಿಗಿಯಾಗಿ ತೆಗೆಯಬೇಕೆನ್ನುವವನಿಗೇ ಕಾಳಜಿಯ ಅವಶ್ಯಕತೆ ಹೆಚ್ಚು.

ಈ ಗುಣವನ್ನು ತರಗತಿಯಲ್ಲಿ ಕಲಿಸಬಹುದೇ? ಇದಕ್ಕೂ ಉತ್ತರ ಹಳೆಯದೇ. ಫ್ಲೈಶ್‌ಮನ್ ಅವರೇ 1953ರಲ್ಲಿ ಪ್ರಕಟಿಸಿದ ವರದಿಯಂತೆ, ಕೃಷಿಯಂತ್ರಗಳನ್ನೂ ಲಾರಿಗಳನ್ನೂ ತಯಾರಿಸುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಮೇಸ್ತ್ರಿಗಳು ಷಿಕಾಗೋದ ಶಿಕ್ಷಣಕೇಂದ್ರದಲ್ಲಿ ಮಾನವಸಂಬಂಧಗಳ ಪಾಠ ಕೇಳಿ ಮುಗಿಸಿದ ಕೂಡಲೇ ಅವರ ಮನೋಭಾವದಲ್ಲಿ ಕಾಳಜಿ ಹೆಚ್ಚಿದ್ದು ಪ್ರಶ್ನಪತ್ರಿಕೆಗಳಿಂದ ತಿಳಿದುಬಂದಿತು. ಕಾರ್ಖಾನೆಗೆ ಮರಳಿದ ಮೇಲೆ ಮಾತ್ರ ಆ ಪಾಠ ನಿಲ್ಲಲಿಲ್ಲ. ತಮ್ಮ ಮೇಲಿನ ಅಧಿಕಾರಿ ತಮ್ಮನ್ನು ಹೇಗೆ ನಡೆಸಿಕೊಳ್ಳುತ್ತಿದ್ದನೋ ಹಾಗೆಯೇ ಅವರು ತಮ್ಮ ಕೈಕೆಳಗಿನವರನ್ನು ನಡೆಸಿಕೊಳ್ಳತೊಡಗಿದರು. ಯಥಾ ರಾಜಾ ತಥಾ ಪ್ರಜಾ ಎಂಬ ನುಡಿಗೆ ಅಂಕಿಅಂಶಗಳ ಸಾಕ್ಷ್ಯ ಒದಗಿದಂತಾಯಿತು. ಮೇಸ್ತ್ರಿಗಳನ್ನೂ ಮುಖ್ಯ ಗುಮಾಸ್ತರನ್ನೂ ತರಬೇತಿಗೆ ಕಳುಹಿಸಿ, ಅವರನ್ನು ಆಳುವವರು ಮಾತ್ರ ಹಿಂದಿನಂತೆಯೇ ಗುಡುಗುತ್ತ ಕುಳಿತರೆ, ಆ ತರಬೇತಿಗೆ ಸುರಿದ ಹಣ ವ್ಯರ್ಥವೆಂದೇ ತಿಳಿಯತಕ್ಕದ್ದು. ಕಾಳಜಿಯ ಪಾಠ ಆರಂಭವಾಗಬೇಕಾದುದು ಸಂಸ್ಥೆಯಲ್ಲಿ ಅತ್ಯಂತ ಮೇಲೆ ಕುಳಿತವನಿಂದಲೇ.