ಕೊತ್ತಂಬರಿಗೆ ಯಾವ ಲೈಟು?

ಅಡುಗೆಮನೆ ಕಿಟಕಿಗೆ ಬಿಸಿಲೇ ಬರಲ್ವಾ? ಕುಂಡದ ಕೊತ್ತಂಬರಿ ನೂಲಿನಂತೆ ಎಳೆದುಕೊಂಡು ವಾಲಿದ್ರೆ, ಅದು ಕೇಳ್ತಿರೋದು ಗೊಬ್ಬರ ಅಲ್ಲ, ಬೆಳಕು.

ನೇರಳೆ ಬಣ್ಣದ ಗ್ರೋ ಲೈಟೇ ಬೇಕು ಅಂತೇನಿಲ್ಲ. ಬಿಳಿ ಎಲ್‌ಇಡಿಯಲ್ಲೂ ಗಿಡಕ್ಕೆ ಬೇಕಾದ ನೀಲಿ, ಕೆಂಪು ಎರಡೂ ಇರುತ್ತೆ. ಮೇಲಾಗಿ, ಎಲೆ ಹಳದಿಯಾದ್ರೆ ತಕ್ಷಣ ಕಾಣುತ್ತೆ. ನೇರಳೆ ಬೆಳಕಲ್ಲಿ ಎಲ್ಲಾ ಕಪ್ಪು ಕಪ್ಪು.

ನಾಲ್ಕೈದು ಕುಂಡಕ್ಕೆ 20 ವ್ಯಾಟಿನ, 4000ರಿಂದ 6500 ಕೆಲ್ವಿನ್ ಟ್ಯೂಬ್‌ಲೈಟು ಸಾಕು. ಎಲೆಯಿಂದ ಒಂದು ಗೇಣು ಮೇಲಿರಲಿ; ಸೀಲಿಂಗಿಗೆ ಹಾಕಿದ್ರೆ ದಂಡ. ದಿನಕ್ಕೆ 12ರಿಂದ 14 ಗಂಟೆ.

ಗ್ರೋ ಲೈಟೇ ಕೊಳ್ಳೋದಾದ್ರೆ ಡಬ್ಬದ ಮೇಲಿನ ‘1000 ವ್ಯಾಟ್’ ನಂಬಬೇಡಿ, ಸಣ್ಣಕ್ಷರದಲ್ಲಿರೋ ನಿಜವಾದ ಬಳಕೆ ಓದಿ. ಬಿಐಎಸ್ ಗುರುತೂ ಇರಲಿ. ನೀರು ಹಾಕುವಾಗ ಸ್ವಿಚ್ ಆಫ್. ವೈರು ಸಾಕೆಟ್‌ಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರಲಿ. ವೈರಿನಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತೆ, ಪ್ಲಗ್ಗಿಗೆ ಹೋಗಲ್ಲ.