ಟೇಬಲ್ ಮೇಲಿಟ್ಟ ಕಾಗದ

ಲ್ಯಾಟಿನ್ ಭಾಷೆಯ 'ಟಾಬುಲಾ' ಎಂದರೆ ಬರೀ ಹಲಗೆ. ಇಂಗ್ಲಿಷಿನಲ್ಲಿ ಅದು ಕಾಲು ಮೂಡಿಸಿಕೊಂಡು 'ಟೇಬಲ್' ಆಯಿತು. ಹಲಗೆಯ ಮೇಲೆ ಬರೆದ ಅಂಕಿಗಳ ಸಾಲೂ ಟೇಬಲ್ಲೇ. ನಮ್ಮ ಮಕ್ಕಳು ಮಗ್ಗಿ ಬಿಟ್ಟು 'ಟೇಬಲ್ಸ್' ಒಪ್ಪಿಸುವುದು ಇದರಿಂದಲೇ.

ನಾಮಪದವಾಗಿ ಸಾಧುವಾದ ಈ ಶಬ್ದ ಕ್ರಿಯಾಪದವಾದಾಗ ಮಾತ್ರ ತಂಟೆ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು 'ಟೇಬಲ್' ಮಾಡುವುದೆಂದರೆ ಚರ್ಚೆಗೆ ಮಂಡಿಸುವುದು. ಅಮೆರಿಕದಲ್ಲಿ ಚರ್ಚೆಯನ್ನೇ ಬದಿಗಿಡುವುದು. ಎರಡಕ್ಕೂ ಮೂಲ ಸಭೆಯ ಮೇಜೇ: ಒಬ್ಬರು ಕಾಗದವನ್ನು ಕೈಗೆತ್ತಿಕೊಳ್ಳಲೆಂದು ಅಲ್ಲಿಟ್ಟರು, ಇನ್ನೊಬ್ಬರು ಅಲ್ಲೇ ಬಿದ್ದಿರಲಿ ಎಂದು.

ಪರ್ಲ್ ಹಾರ್ಬರ್ ದಾಳಿಯ ಬೆನ್ನಿಗೇ, 1941ರ ಡಿಸೆಂಬರ್ ಕೊನೆಗೆ, ಎರಡೂ ದೇಶಗಳ ಸೇನಾ ಮುಖ್ಯಸ್ಥರ ಮಾತುಕತೆ ವಾಷಿಂಗ್ಟನ್ನಿನಲ್ಲಿ ಆರಂಭವಾಯಿತು. ತುರ್ತು ಟಿಪ್ಪಣಿಯೊಂದನ್ನು 'ಟೇಬಲ್' ಮಾಡಬೇಕೆಂದು ಬ್ರಿಟಿಷರು, ಕೂಡದೆಂದು ಅಮೆರಿಕನ್ನರು. ಮಾತು ಬಿಸಿಯೇರಿ ಬಹಳ ಹೊತ್ತು ಎಳೆದ ಮೇಲೆ ಗೊತ್ತಾಯಿತು, ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು. ಲೋಕವೇ ಹೊತ್ತಿ ಉರಿಯುತ್ತಿದ್ದಾಗ ಒಂದು ಶಬ್ದಕ್ಕಾಗಿ ಈ ಜಗಳ! ಚರ್ಚಿಲ್ ತಮ್ಮ ಯುದ್ಧಚರಿತ್ರೆಯ ಮೂರನೆಯ ಸಂಪುಟದಲ್ಲಿ ಇದನ್ನು ಬರೆದಿಟ್ಟಿದ್ದಾರೆ.

ಭಾರತದ ಶಾಸನಸಭೆಗಳು ಹಿಡಿದದ್ದು ಬ್ರಿಟಿಷ್ ಜಾಡು. ವಿಧಾನಸೌಧದಲ್ಲಿ ವರದಿಯೊಂದು 'ಟೇಬಲ್' ಆಯಿತೆಂದರೆ ಸದನದ ಮುಂದೆ ಬಂತೆಂದೇ ಅರ್ಥ. ಆಮೇಲೆ ಅದು ಅಮೆರಿಕದ ಅರ್ಥಕ್ಕೆ ಹೊರಳುವುದೂ ಉಂಟು.