ಹುಳು ಎಲೆ ತಿಂದರೆ ಇಡೀ ಗಿಡಕ್ಕೆ ಗೊತ್ತಾಗುವುದು ಹೇಗೆ? ಗುಟ್ಟು ತೋರಿಸಿದ ಹೊಳೆಯುವ ಪ್ರೋಟೀನ್

ಗಿಡಕ್ಕೆ ನರವಿಲ್ಲ, ಮಿದುಳಿಲ್ಲ. ಆದರೂ ಹುಳು ಒಂದು ಎಲೆಗೆ ಬಾಯಿ ಹಾಕಿದ ಕೆಲವೇ ನಿಮಿಷಗಳಲ್ಲಿ ದೂರದ ಎಲೆಗೂ ಸುದ್ದಿ ಮುಟ್ಟುತ್ತದೆ. ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದ್ದು 2018ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ಪ್ರಕಟವಾದ ಅಧ್ಯಯನ. ಜಪಾನಿನ ಮಸತ್ಸುಗು ಟೊಯೊಟಾ, ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿವಿಯ ಸೈಮನ್ ಗಿಲ್ರಾಯ್ ಮತ್ತು ತಂಡ ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಗಿಡದ ಮೇಲೆ ಈ ಪ್ರಯೋಗ ನಡೆಸಿತ್ತು.

ಸುದ್ದಿಗೆ ಕಿಡಿ ಹಚ್ಚುವುದು ಗಾಯದ ಜಾಗದಲ್ಲಿ ಸೋರುವ ಗ್ಲುಟಮೇಟ್ ಎಂಬ ಅಮೈನೋ ಆಮ್ಲ. ಹೌದು, ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್‌ನಲ್ಲಿರುವುದೂ ಇದೇ! ನಮ್ಮ ಮಿದುಳಿನ ನರಕೋಶಗಳು ಸಂದೇಶ ದಾಟಿಸಲು ಬಳಸುವುದೂ ಇದನ್ನೇ.

ನೋಡಿದ್ದು ಹೇಗೆ?

ಎಲೆ ಅರೆದು ರಸ ಪರೀಕ್ಷಿಸಿದರೆ ಗ್ಲುಟಮೇಟ್ ಎಷ್ಟಿದೆ ಎಂಬುದು ತಿಳಿಯುತ್ತದೆ. ಆದರೆ ಅದು ಯಾವ ಕ್ಷಣದಲ್ಲಿ, ಎಲ್ಲಿ ಹೆಚ್ಚಾಯಿತು ಎಂಬುದು ತಿಳಿಯದು. ಹೊರಗಿನಿಂದ ಹೊಳೆಯುವ ಬಣ್ಣ ಹಾಕೋಣವೆಂದರೆ ಗಿಡದ ಕೋಶಭಿತ್ತಿ ಅಡ್ಡ ಬರುತ್ತದೆ. ಸಾಲದ್ದಕ್ಕೆ ಎಲೆಯ ಪತ್ರಹರಿತ್ತು ತಾನೇ ಕೆಂಪಗೆ ಹೊಳೆದು ಚಿತ್ರ ಕೆಡಿಸುತ್ತದೆ.

ಹಾಗಾಗಿ ಗಿಡವೇ ತನ್ನೊಳಗೆ ಸೆನ್ಸರ್ ತಯಾರಿಸಿಕೊಳ್ಳುವಂತೆ ಅದರ ಜೀನ್ ಸೇರಿಸಲಾಯಿತು. ಇದರ ಹೆಸರು ‘ಐಗ್ಲೂಸ್ನಿಫರ್’, ಅಂದರೆ ಗ್ಲುಟಮೇಟ್ ಮೂಸುವುದು! (ವಿಜ್ಞಾನಿಗಳಿಗೂ ತಮಾಷೆ ಗೊತ್ತು.) ಬ್ಯಾಕ್ಟೀರಿಯಾದಲ್ಲಿರುವ, ಗ್ಲುಟಮೇಟ್ ಹಿಡಿಯುವ ಪ್ರೋಟೀನಿಗೆ ಜೆಲ್ಲಿಮೀನಿನ ಹಸಿರು ಹೊಳಪಿನ ಪ್ರೋಟೀನ್ ಜೋಡಿಸಿ ಮಾಡಿದ್ದು. ಆ ಹಸಿರು ಪ್ರೋಟೀನಿನ ಸಂಶೋಧನೆಗೇ 2008ರ ರಸಾಯನಶಾಸ್ತ್ರ ನೊಬೆಲ್ ಬಂದಿತ್ತು. ಗ್ಲುಟಮೇಟ್ ಬಂದು ಕೂತರೆ ಸೆನ್ಸರಿನ ಆಕಾರ ಬದಲಾಗಿ ಹೊಳಪು ಏರುತ್ತದೆ. ಸೂಕ್ಷ್ಮದರ್ಶಕದ ಕ್ಯಾಮೆರಾ ಅದನ್ನು ಸೆರೆಹಿಡಿಯುತ್ತದೆ.

ಕ್ಯಾಲ್ಸಿಯಂ ತೋರಿಸುವ ಇನ್ನೊಂದು ಸೆನ್ಸರ್ ಮುಂದಿನ ಕಥೆ ಹೇಳಿತು. ಗ್ಲುಟಮೇಟ್ ತಾಗಿದೊಡನೆ ಕ್ಯಾಲ್ಸಿಯಂ ಅಲೆ ಎದ್ದು, ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ಎಲೆಯ ನಾಳಗಳ ಮೂಲಕ ಸಾಗುತ್ತದೆ. ಅಲೆ ತಲುಪಿದ ಎಲೆಗಳಲ್ಲಿ ಜಾಸ್ಮೋನಿಕ್ ಆಮ್ಲ ಹೆಚ್ಚಿ ರಕ್ಷಣೆ ಶುರುವಾಗುತ್ತದೆ. ಗ್ಲುಟಮೇಟ್ ಗುರುತಿಸುವ ಎರಡು ಜೀನ್‌ಗಳನ್ನು ಕೆಡಿಸಿದ ಗಿಡಗಳಲ್ಲಿ ದೂರದ ಎಲೆಗಳಿಗೆ ಸುದ್ದಿ ಸರಿಯಾಗಿ ಮುಟ್ಟಲಿಲ್ಲ. ಅಧ್ಯಯನದ ಗಟ್ಟಿ ಸಾಕ್ಷ್ಯ ಇದೇ.

2022ರಲ್ಲಿ ಟೊಯೊಟಾ ಮತ್ತು ಸಹೋದ್ಯೋಗಿಗಳು ನಮ್ಮ ಮುಟ್ಟಿದರೆ ಮುನಿ ಗಿಡಕ್ಕೂ ಕ್ಯಾಲ್ಸಿಯಂ ಸೆನ್ಸರ್ ಹಾಕಿ ನೋಡಿದರು. ಎಲೆ ಮುದುಡದಂತೆ ಮಾಡಿದ ಗಿಡಗಳನ್ನು ಮಿಡತೆಗಳು ಹೆಚ್ಚು ತಿಂದವು.

ಅಂದಹಾಗೆ, ‘ಗಿಡಕ್ಕೂ ನೋವಾಗುತ್ತೆ’ ಎಂದು ಇಂಥ ವಿಡಿಯೋ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ನಂಬಬೇಡಿ. ಅಧ್ಯಯನ ತೋರಿಸಿರುವುದು ಸಂದೇಶವನ್ನು, ನೋವನ್ನಲ್ಲ. ಇನ್ನು ಜೀನ್ ಸೇರಿಸಿದ ಗಿಡದಲ್ಲಷ್ಟೇ ಈ ಸೆನ್ಸರ್ ಕೆಲಸ ಮಾಡುವುದರಿಂದ, ರೈತರ ಹೊಲದ ಬದನೆ, ಟೊಮೆಟೊ ಗಿಡಗಳನ್ನು ಹೀಗೆ ನೇರವಾಗಿ ನೋಡಲಾಗದು.